ಹಿಂದಕ್ಕೆ ಎಣಿಸಿದ ಡಾಕ್ಟರು: ನೀಗಾತಾದ ಕ್ಯೂಸಾಕು ಓಗಿನೋ

‘ಸೇಫ್ ಪೀರಿಯಡ್’ ಅನ್ನೋ ಮಾತನ್ನು ನಮ್ಮಲ್ಲಿ ಬಹಳಷ್ಟು ಜನ ಊರಲ್ಲೇ ಕೇಳಿರುತ್ತೇವೆ. ವಾರಪತ್ರಿಕೆಯ ವೈದ್ಯರ ಅಂಕಣದಲ್ಲಿ ಬಂದ ಒಂದು ಉತ್ತರ, ಮದುವೆಯಾದ ಅಕ್ಕಂದಿರು ತಗ್ಗಿದ ದನಿಯಲ್ಲಿ ಹೇಳಿಕೊಳ್ಳೋ ಒಂದು ಲೆಕ್ಕ, ದ್ವಿತೀಯ ಪಿಯುಸಿ ಜೀವಶಾಸ್ತ್ರದ ಪುಸ್ತಕದಲ್ಲಿ ಮೇಷ್ಟ್ರು ಬೇಗ ಬೇಗ ದಾಟಿಸಿಬಿಟ್ಟ ಒಂದು ಸಾಲು: ಮುಟ್ಟಿನ 10ನೇ ದಿನದಿಂದ 17ನೇ ದಿನದವರೆಗೆ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚು. ಜಪಾನಿಗೆ ಬಂದ ಮೇಲೆ ಗೊತ್ತಾಗಿದ್ದು ಏನಂದ್ರೆ, ಈ ಲೆಕ್ಕಕ್ಕೆ ಇಲ್ಲಿನವರು ಒಬ್ಬ ಡಾಕ್ಟರ ಹೆಸರನ್ನೇ ಇಟ್ಟಿದ್ದಾರೆ. ‘ಓಗಿನೋ-ಶಿಕಿ’, ಅಂದರೆ ಓಗಿನೋ ಪದ್ಧತಿ. ತಮಾಷೆ ಅಂದ್ರೆ, ಆ ಡಾಕ್ಟರಿಗೆ ಆ ಹೆಸರು ಚೂರೂ ಇಷ್ಟವಿರಲಿಲ್ಲ. ನಮ್ಮ ರಾಮನಗರದವರೆಗೂ ಬಂದು ಹೋದ ಲೆಕ್ಕ ಇದು. ಅದಕ್ಕೇ ಈ ಸಲದ ಸಂಚಿಕೆಗೆ ಅವರ ಬದುಕನ್ನೇ ಆರಿಸಿಕೊಂಡೆವು.

ಕ್ಯೂಸಾಕು ಹುಟ್ಟಿದ್ದು 1882ರಲ್ಲಿ, ಐಚಿ ಪ್ರಾಂತ್ಯದ ಈಗಿನ ತೊಯೊಹಾಶಿ ಊರಿನ ಕಡೆ, ನಕಾಮುರಾ ಅನ್ನೋ ರೈತರ ಮನೆಯಲ್ಲಿ. ಓಗಿನೋ ಅನ್ನೋದು ದತ್ತು ಹೋದ ಮನೆಯ ಹೆಸರು. ಇಲ್ಲಿ ದತ್ತು ಅಂದರೆ ಎಳೇ ಮಗುವನ್ನೇ ತಗೊಳ್ಳಬೇಕು ಅಂತೇನಿಲ್ಲ. ಚೆನ್ನಾಗಿ ಓದೋ ಹುಡುಗನನ್ನು ಕರಕೊಂಡು ಮನೆತನದ ಹೆಸರು ಉಳಿಸಿಕೊಳ್ಳೋದು ಹಳೇ ರೂಢಿ. ನಮ್ಮ ಕಡೆಯ ಹಳೇ ಜಮೀನುದಾರರ ಮನೆಗಳಲ್ಲೂ ಇದ್ದದ್ದೇ ಬಿಡಿ. ಹುಡುಗ ತೋಕಿಯೋ ಇಂಪೀರಿಯಲ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿ 1909ರಲ್ಲಿ ಪದವಿ ತಗೊಂಡ. ಅಲ್ಲೇ ಮೂರು ವರ್ಷ ಹೆರಿಗೆ ಮತ್ತು ಸ್ತ್ರೀರೋಗ ವಿಭಾಗದಲ್ಲಿ ಕಲಿತು, 1912ರಲ್ಲಿ ನೀಗಾತಾ ಊರಿನ ತಾಕೆಯಾಮಾ ಆಸ್ಪತ್ರೆಗೆ ಆ ವಿಭಾಗದ ಮುಖ್ಯಸ್ಥರಾಗಿ ಹೊರಟುಬಿಟ್ಟರು. ವಯಸ್ಸು ಮೂವತ್ತು.

ನೀಗಾತಾ ನೋಡಿದವರಿಗೆ ಗೊತ್ತು. ಜಪಾನ್ ಸಮುದ್ರದ ದಂಡೆ, ಚಳಿಗಾಲದಲ್ಲಿ ಹಿಮ, ಸುತ್ತ ಎತ್ತ ನೋಡಿದರೂ ಭತ್ತದ ಗದ್ದೆ. ಆಸ್ಪತ್ರೆಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಗದ್ದೆ ಕೆಲಸದ ಹೆಂಗಸರು. ಕೆಲವರಿಗೆ ಹೆತ್ತು ಹೆತ್ತು ಸುಸ್ತು. ಕೆಲವರಿಗೆ ಮಕ್ಕಳೇ ಇಲ್ಲ. ಮದುವೆಯಾಗಿ ಮೂರು ವರ್ಷಕ್ಕೆ ಮಗುವಾಗದಿದ್ದರೆ ಸೊಸೆಯನ್ನು ತವರಿಗೆ ಕಳಿಸಬಹುದು ಅನ್ನೋ ಮಾತು ಜಪಾನಿನ ಹಳ್ಳಿಗಳಲ್ಲಿ ಆಗ ಇನ್ನೂ ಜೀವಂತವಾಗಿತ್ತು. ‘ಬಂಜೆ’ ಅನ್ನೋ ಶಬ್ದದ ಭಾರ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಇವರಿಬ್ಬರಿಗೂ ಡಾಕ್ಟರು ಕೊಡಬಹುದಾಗಿದ್ದ ಉತ್ತರ ಒಂದೇ ಪ್ರಶ್ನೆಯ ಮೇಲೆ ನಿಂತಿತ್ತು: ಹೆಣ್ಣಿನ ಅಂಡಾಶಯದಿಂದ ಅಂಡ ಹೊರಬರೋದು ತಿಂಗಳಿನ ಯಾವ ದಿನ?

ಆ ಕಾಲಕ್ಕೆ ಇದು ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಪ್ರಾಣಿಗಳು ಬೆದೆಗೆ ಬಂದಾಗ ರಕ್ತ ಕಾಣೋದನ್ನು ನೋಡಿ, ಮುಟ್ಟಿನ ಆಸುಪಾಸಿನಲ್ಲೇ ಗರ್ಭ ನಿಲ್ಲುತ್ತೆ ಅಂತ ಹತ್ತೊಂಬತ್ತನೇ ಶತಮಾನದ ಡಾಕ್ಟರುಗಳು ನಂಬಿದ್ದರು. ಹಾಗಾಗಿ ಮಕ್ಕಳು ಬೇಡ ಅನ್ನೋರಿಗೆ ತಿಂಗಳ ನಡುವಿನ ದಿನಗಳೇ ಸುರಕ್ಷಿತ ಅಂತ ಸಲಹೆ ಕೊಡುತ್ತಿದ್ದರು. ಪೂರ್ತಿ ಉಲ್ಟಾ! ಇಪ್ಪತ್ತನೇ ಶತಮಾನದ ಮೊದಲಲ್ಲಿ ಜರ್ಮನಿಯವರು ಸ್ವಲ್ಪ ಹತ್ತಿರ ಬಂದರು. ಲುಡ್ವಿಗ್ ಫ್ರೆಂಕೆಲ್ ಮುಟ್ಟು ಶುರುವಾದ 18–19ನೇ ದಿನ ಅಂದರು, ರಾಬರ್ಟ್ ಶ್ರೋಡರ್ 14ರಿಂದ 16 ಅಂದರು. ಒಬ್ಬರದು ಇನ್ನೊಬ್ಬರಿಗೆ ತಾಳೆಯಾಗಲಿಲ್ಲ. ಆದರೆ ಇಬ್ಬರೂ ಎಣಿಸಿದ್ದು ಮಾತ್ರ ಒಂದೇ ದಿಕ್ಕಿನಲ್ಲಿ, ಕಳೆದ ಮುಟ್ಟಿನಿಂದ ಮುಂದಕ್ಕೆ.

ಓಗಿನೋ ಹಗಲು ರೋಗಿಗಳನ್ನು ನೋಡಿ, ಆಪರೇಷನ್ ಮುಗಿಸಿ, ಆಮೇಲೆ ನೀಗಾತಾ ವೈದ್ಯಕೀಯ ಕಾಲೇಜಿನ ರೋಗಶಾಸ್ತ್ರ ಪ್ರಯೋಗಾಲಯಕ್ಕೆ ಹೋಗಿ ಕೂರುತ್ತಿದ್ದರು. ಬೇರೆ ಯಾವುದೋ ಕಾಯಿಲೆಗೆ ಹೊಟ್ಟೆ ತೆರೆದಾಗಲೆಲ್ಲ ಅಂಡಾಶಯವನ್ನೂ ನೋಡಿಕೊಳ್ಳೋರು. ಅಂಡ ಹೊರಟುಹೋದ ಜಾಗದಲ್ಲಿ ಒಂದು ಹಳದಿ ಗಂಟು ಉಳಿಯುತ್ತೆ. ‘ಕಾರ್ಪಸ್ ಲೂಟಿಯಮ್’ ಅಂತ ಅದರ ಹೆಸರು. ಅದು ಹೊಸದೋ ಹಳೆಯದೋ, ಗರ್ಭಕೋಶದ ಒಳಪದರ ಆ ಹೊತ್ತಿಗೆ ಹೇಗಿದೆ ಅಂತ ಮೈಕ್ರೋಸ್ಕೋಪಿನಲ್ಲಿ ನೋಡಿ ಬರೆದಿಡೋರು. ಇಷ್ಟನ್ನು ಬೇರೆಯವರೂ ಮಾಡಿದ್ದರು. ಓಗಿನೋ ಇನ್ನೂ ಒಂದನ್ನು ಸೇರಿಸಿದರು. ಆ ಹೆಂಗಸಿನ ಕಳೆದ ಮುಟ್ಟಿನ ತಾರೀಖಿನ ಜೊತೆಗೆ, ಆಪರೇಷನ್ ಆದ ಮೇಲೆ ಕಾದು, ಮುಂದಿನ ಮುಟ್ಟು ಯಾವತ್ತು ಬಂತು ಅನ್ನೋದನ್ನೂ ಕೇಳಿ ಗುರುತು ಹಾಕಿಕೊಂಡರು. ಕೇಳೋಕೆ ಸಣ್ಣ ಕೆಲಸ. ಇಡೀ ಸಂಗತಿ ತಿರುಗಿದ್ದು ಅಲ್ಲೇ.

ಮುಂದಕ್ಕೆ ಎಣಿಸಿದಾಗ ಒಬ್ಬೊಬ್ಬರದು ಒಂದೊಂದು ದಿನ ಬರುತ್ತಿತ್ತು. ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸಿದರೆ ಎಲ್ಲರದ್ದೂ ಒಂದು ಕಡೆ ಬಂದು ಕೂರುತ್ತಿತ್ತು: ಬರಲಿರೋ ಮುಟ್ಟಿಗೆ 12ರಿಂದ 16 ದಿನ ಮುಂಚೆ. ತಿಂಗಳು 28 ದಿನದ್ದಾಗಿರಲಿ, 36 ದಿನದ್ದಾಗಿರಲಿ. ಕಾರಣ ಈಗ ನಮಗೆ ಗೊತ್ತು. ಆ ಹಳದಿ ಗಂಟು ಬದುಕೋದು ಸುಮಾರು ಎರಡು ವಾರ. ಅಷ್ಟು ದಿನ ಅದು ಪ್ರೊಜೆಸ್ಟೆರಾನ್ ಸುರಿಸಿ ಗರ್ಭಕೋಶದ ಒಳಪದರವನ್ನು ಹಿಡಿದಿಡುತ್ತೆ. ಗರ್ಭ ನಿಲ್ಲದಿದ್ದರೆ ಗಂಟು ಒಣಗುತ್ತೆ, ಪದರ ಕಳಚುತ್ತೆ, ಮುಟ್ಟಾಗುತ್ತೆ. ಹಾಗಾಗಿ ತಿಂಗಳ ಹಿಂಭಾಗ ಹೆಚ್ಚುಕಮ್ಮಿ ಸ್ಥಿರ. ಹಿಗ್ಗೋದು ಕುಗ್ಗೋದು ಎಲ್ಲ ಮುಂಭಾಗವೇ. ಪರೀಕ್ಷೆ, ಊರು ಬಿಟ್ಟು ಊರಿಗೆ ಪ್ರಯಾಣ, ಜ್ವರ, ನಿದ್ದೆಗೇಡು ಇವೆಲ್ಲ ಅಂಡ ಪಕ್ವವಾಗೋದನ್ನು ತಡಮಾಡುತ್ತವೆ. 28 ದಿನದವರಿಗೆ ಅಂಡ 14ನೇ ದಿನದ ಹೊತ್ತಿಗೆ ಬಂದರೆ 36 ದಿನದವರಿಗೆ 22ರ ಸುಮಾರಿಗೆ. ಈಗ ಪಿಯುಸಿ ಪುಸ್ತಕದ ಆ ಸಾಲನ್ನು ಇನ್ನೊಂದು ಸಲ ಓದಿ. 10ರಿಂದ 17 ಅನ್ನೋದು 28 ದಿನದ ಮಾದರಿ ಹುಡುಗಿಗೆ ಮಾಡಿದ ಲೆಕ್ಕ, ಅದೂ ಮುಂದಕ್ಕೆ ಎಣಿಸಿದ್ದು.

ಓಗಿನೋ ತಮ್ಮ ಪ್ರಬಂಧವನ್ನು ಜಪಾನಿ ಸ್ತ್ರೀರೋಗ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದ್ದು 1924ರಲ್ಲಿ. ಪ್ರೊಜೆಸ್ಟೆರಾನ್ ಅನ್ನೋ ವಸ್ತು ಇದೆ ಅಂತ ಅಮೆರಿಕದಲ್ಲಿ ಗೊತ್ತಾಗಿದ್ದು 1929ರಲ್ಲಿ, ಐದು ವರ್ಷ ಆದಮೇಲೆ. ಬರೀ ತಾರೀಖು ಮತ್ತು ಮೈಕ್ರೋಸ್ಕೋಪ್ ಇಟ್ಟುಕೊಂಡು ಅಲ್ಲಿಯವರೆಗೆ ಹೋಗಿದ್ದು ನಮಗೆ ಇವತ್ತಿಗೂ ಆಶ್ಚರ್ಯ.

ಜಪಾನಿ ಭಾಷೆಯಲ್ಲಿ ಬರೆದದ್ದನ್ನು ಯೂರೋಪಿನಲ್ಲಿ ಯಾರು ಓದಬೇಕು? ಕನ್ನಡದಲ್ಲಿ ವಿಜ್ಞಾನ ಬರೆಯೋರಿಗೆ ಈ ಸಂಕಟ ಚೆನ್ನಾಗಿ ಗೊತ್ತು. ಓಗಿನೋ 1929ರಲ್ಲಿ ತಾವೇ ಜರ್ಮನಿಗೆ ಹೋದರು. 1930ರಲ್ಲಿ ಅಲ್ಲಿನ ಸ್ತ್ರೀರೋಗ ಪತ್ರಿಕೆಯೊಂದರಲ್ಲಿ ಅವರ ಲೇಖನ ಜರ್ಮನ್ನಿನಲ್ಲಿ ಬಂತು. ಅಷ್ಟರಲ್ಲಿ ಆಸ್ಟ್ರಿಯಾದ ಹೆರ್ಮನ್ ಕ್ನಾಸ್ ಅನ್ನೋ ಡಾಕ್ಟರು ಬೇರೆಯೇ ದಾರಿಯಲ್ಲಿ ಹೆಚ್ಚುಕಮ್ಮಿ ಅದೇ ಕಡೆ ಬಂದು ನಿಂತಿದ್ದರು. ಹೀಗಾಗಿ ಪಶ್ಚಿಮದಲ್ಲಿ ಈ ಸಿದ್ಧಾಂತಕ್ಕೆ ಓಗಿನೋ–ಕ್ನಾಸ್ ಅಂತ ಜೋಡಿ ಹೆಸರು. ಆದರೆ ಇಬ್ಬರಿಗೂ ಒಂದು ಜಗಳ ಇತ್ತು. ಕ್ನಾಸ್ ಅಂಡ ಬರೋದು ಹೆಚ್ಚುಕಮ್ಮಿ ಒಂದೇ ನಿಗದಿ ದಿನ ಅಂತ ಹಟ ಹಿಡಿದರು. ಓಗಿನೋ ಐದು ದಿನಗಳ ಸಡಿಲ ಬಿಟ್ಟಿದ್ದರು. ಕೊನೆಗೆ ನಿಂತದ್ದು ಸಡಿಲ ಬಿಟ್ಟ ಲೆಕ್ಕವೇ.

ಇನ್ನು ಕಥೆ ಅಡ್ಡದಾರಿ ಹಿಡಿದದ್ದು. ವೀರ್ಯಾಣು ಮೂರು ದಿನ ಬದುಕಬಹುದು ಅಂತ ಓಗಿನೋ ಲೆಕ್ಕ ಹಾಕಿ, ಮುಂದಿನ ಮುಟ್ಟಿಗೆ 19 ದಿನ ಮುಂಚಿನಿಂದ 12 ದಿನ ಮುಂಚಿನವರೆಗೆ, ಒಟ್ಟು ಎಂಟು ದಿನ, ಗರ್ಭ ನಿಲ್ಲೋ ಕಾಲ ಅಂದಿದ್ದರು. ಅವರ ಉದ್ದೇಶ ಮಕ್ಕಳಿಲ್ಲದವರಿಗೆ ದಾರಿ ತೋರಿಸೋದು. ಓದಿದವರು ಅದನ್ನು ಮಗುಚಿ ಹಾಕಿದರು. ಆ ಎಂಟು ದಿನ ಬಿಟ್ಟರೆ ಉಳಿದದ್ದೆಲ್ಲ ಸೇಫ್ ಅಲ್ವಾ? ಜಪಾನಿನ ಮಹಿಳಾ ಪತ್ರಿಕೆಗಳು ಹಾಗೇ ಬರೆದವು. 1930ರಲ್ಲಿ ನೆದರ್‌ಲ್ಯಾಂಡ್ಸ್‌ನ ಯಾನ್ ಸ್ಮುಲ್ಡರ್ಸ್ ಅನ್ನೋ ಡಾಕ್ಟರು ಅದನ್ನೊಂದು ಪದ್ಧತಿಯಾಗಿ ಮಾಡಿದರು. 1932ರಲ್ಲಿ ಶಿಕಾಗೋದ ಲಿಯೋ ಲಾಟ್ಜ್ ಅದರ ಮೇಲೆ ಪುಸ್ತಕ ತಂದರು. 1951ರಲ್ಲಿ ಪೋಪ್ ಹನ್ನೆರಡನೇ ಪಯಸ್ ಅವರು ಗಂಭೀರ ಕಾರಣವಿದ್ದರೆ ದಂಪತಿಗಳು ಈ ದಾರಿ ಹಿಡಿಯಬಹುದು ಅಂದಾಗ, ನೀಗಾತಾದ ಡಾಕ್ಟರ ಲೆಕ್ಕ ಪ್ರಪಂಚದ ಕ್ಯಾಥೊಲಿಕ್ ಮನೆಗಳಿಗೆಲ್ಲ ಹೋಯಿತು.

ಓಗಿನೋ ಇದನ್ನು ಒಪ್ಪಲಿಲ್ಲ. ಬೇರೆ ಒಳ್ಳೇ ಉಪಾಯಗಳಿರುವಾಗ ತನ್ನ ಸಿದ್ಧಾಂತವನ್ನು ಗರ್ಭ ತಡೆಯೋಕೆ ನೆಚ್ಚಿಕೊಳ್ಳಬಾರದು, ತಪ್ಪಿದರೆ ಬೇಡದ ಬಸಿರು, ಅದರಿಂದ ಗರ್ಭಪಾತ ಹೆಚ್ಚುತ್ತೆ ಅಂತ ಎದುರು ನಿಂತರು. ಅವರ ಭಯ ಸುಮ್ಮನೆ ಬಂದದ್ದಲ್ಲ. ಯುದ್ಧದ ನಂತರದ ಜಪಾನಿನಲ್ಲಿ, 1948ರ ಕಾನೂನಿನ ಮೇಲೆ, 1950ರ ದಶಕದಲ್ಲಿ ವರ್ಷಕ್ಕೆ ಹತ್ತು ಲಕ್ಷದ ಮೇಲೆ ಗರ್ಭಪಾತಗಳು ದಾಖಲಾಗುತ್ತಿದ್ದವು. ಗರ್ಭನಿರೋಧಕ ಮಾತ್ರೆಗೆ ಈ ದೇಶದಲ್ಲಿ ಅನುಮತಿ ಸಿಕ್ಕಿದ್ದು 1999ರಲ್ಲಿ, ಅಂದರೆ ನಮ್ಮಲ್ಲಿ ಎಷ್ಟೋ ಜನ ಹುಟ್ಟುವ ಹೊತ್ತಿಗೆ!

ಅವರ ತಕರಾರು ಏನು ಅಂತ ಒಂದು ಲೆಕ್ಕದಲ್ಲೇ ನೋಡಬಹುದು. ಹಿಂದಕ್ಕೆ ಎಣಿಸಬೇಕಾದರೆ ಮುಂದಿನ ಮುಟ್ಟಿನ ತಾರೀಖು ಗೊತ್ತಿರಬೇಕು. ಅದು ಬಂದ ಮೇಲೆ ಗೊತ್ತಾಗತ್ತೆ, ಬರೋ ಮುಂಚೆ ಬರೀ ಊಹೆ. ಆ ಊಹೆಗಾಗಿ ಹಳೇ ತಿಂಗಳುಗಳನ್ನು ನೋಡುತ್ತಾರೆ. ಅತಿ ಚಿಕ್ಕ ತಿಂಗಳಿನಿಂದ 18 ಕಳೀರಿ, ಅತಿ ದೊಡ್ಡದರಿಂದ 11 ಕಳೀರಿ. ಒಬ್ಬಳಿಗೆ 26 ದಿನದ ತಿಂಗಳೂ ಬಂದಿದೆ, 33 ದಿನದ್ದೂ ಬಂದಿದೆ ಅಂತಿಟ್ಟುಕೊಳ್ಳಿ. 8ನೇ ದಿನದಿಂದ 22ನೇ ದಿನದವರೆಗೂ ಎಚ್ಚರದ ಕಾಲವೇ. ಹದಿನೈದು ದಿನ! ಸೆಮಿಸ್ಟರ್ ಕೊನೆಯಲ್ಲಿ ಒಂದು ತಿಂಗಳು 40 ದಿನಕ್ಕೆ ಎಳೆದರೆ ಅದೂ ಕೈಕೊಡುತ್ತೆ. ನಮ್ಮ ಫೋನಿನಲ್ಲಿರೋ ಆ್ಯಪ್ ಗುಲಾಬಿ ಬಣ್ಣದಲ್ಲಿ ತೋರಿಸೋ ದಿನಗಳೂ, ಬರೀ ತಾರೀಖು ತುಂಬಿಸಿದ್ದರೆ, ಇದೇ ಊಹೆ. ಆ್ಯಪ್ ಚೆನ್ನಾಗಿ ಕಾಣುತ್ತೆ ಅಂತ ಊಹೆ ಗಟ್ಟಿಯಾಗೋದಿಲ್ಲ.

ಹಾಗಾದರೆ ಅಂಡ ಬರೋ ಹೊತ್ತು ಹತ್ತಿರವಾಯಿತು ಅಂತ ದೇಹವೇ ಹೇಳೋದಿಲ್ಲವೇ? ಹೇಳುತ್ತೆ. ಹೇಳೋ ಜಾಗಗಳಲ್ಲೊಂದು ಗರ್ಭಕಂಠ, ಅಂದರೆ ಸರ್ವಿಕ್ಸ್, ಗರ್ಭಕೋಶದ ಕೆಳತುದಿ, ಯೋನಿಯ ಒಳಗಡೆ ತೆರೆಯೋ ಬಾಗಿಲು. ಓಗಿನೋ ತಮ್ಮ ಲೆಕ್ಕಕ್ಕೆ ಇದನ್ನು ಬಳಸಲಿಲ್ಲ, ಅವರ ಕಣ್ಣು ಅಂಡಾಶಯದ ಮೇಲಿತ್ತು. ಇದನ್ನು ಬೇರೆಯವರು ತುಂಬಿದರು. ಮುಟ್ಟು ಮುಗಿದ ದಿನಗಳಲ್ಲಿ ಗರ್ಭಕಂಠ ಕೆಳಗಿರುತ್ತೆ, ಗಟ್ಟಿಯಾಗಿ, ಬಾಯಿ ಮುಚ್ಚಿಕೊಂಡು. ಮುಟ್ಟಿದರೆ ಮೂಗಿನ ತುದಿಯ ಹಾಗೆ. ಅಂಡ ಪಕ್ವವಾಗ್ತಾ ಈಸ್ಟ್ರೋಜೆನ್ ಏರಿದ ಹಾಗೆ ಅದು ಮೇಲಕ್ಕೆ ಸರಿಯುತ್ತೆ, ತುಟಿಯಷ್ಟು ಮೆತ್ತಗಾಗುತ್ತೆ, ಬಾಯಿ ಸ್ವಲ್ಪ ಬಿಚ್ಚುತ್ತೆ. ಲೋಳೆ ಬದಲಾಗುತ್ತೆ. ಅಂಟಂಟಾಗಿ ಬಿಳಿಯಾಗಿದ್ದದ್ದು ಹಸಿ ಮೊಟ್ಟೆಯ ಬಿಳಿಯ ಹಾಗೆ ತಿಳಿಯಾಗಿ, ಎರಡು ಬೆರಳ ನಡುವೆ ಎಳೆದರೆ ಎಳೆಯಾಗಿ ಬರುತ್ತೆ. ಆ ಲೋಳೆಯಲ್ಲೇ ವೀರ್ಯಾಣು ಐದು ದಿನದವರೆಗೂ ಬದುಕಬಲ್ಲದು. ಹೊರಬಂದ ಅಂಡಕ್ಕೆ ಆಯಸ್ಸು ಒಂದೇ ದಿನ. ಹಾಗಾಗಿ ಗರ್ಭ ನಿಲ್ಲೋ ನಿಜವಾದ ಕಿಟಕಿ ಸುಮಾರು ಆರು ದಿನ, ಅಂಡ ಬರೋ ದಿನವೂ ಅದರ ಹಿಂದಿನ ಐದೂ ಸೇರಿ. ಅಂಡ ಬಂದಾದ ಮೇಲೆ ಪ್ರೊಜೆಸ್ಟೆರಾನಿನ ಆಳ್ವಿಕೆ. ಕಂಠ ಮತ್ತೆ ಕೆಳಗಿಳಿದು, ಗಟ್ಟಿಯಾಗಿ, ದಪ್ಪ ಲೋಳೆಯಿಂದ ಬಾಗಿಲು ಹಾಕಿಕೊಳ್ಳುತ್ತೆ.

ಲೋಳೆಯನ್ನು ನೋಡಿ ದಿನ ಗುರುತಿಸೋದನ್ನು 1950ರ ದಶಕದಿಂದ ಆಸ್ಟ್ರೇಲಿಯಾದ ಬಿಲ್ಲಿಂಗ್ಸ್ ಡಾಕ್ಟರ್ ದಂಪತಿ ಕಲಿಸತೊಡಗಿದರು. ಹೆಂಗಸು ತಾನೇ ಬೆರಳಿಂದ ಗರ್ಭಕಂಠ ನೋಡಿಕೊಳ್ಳೋದರ ಬಗ್ಗೆ 1962ರಲ್ಲಿ ಅಮೆರಿಕದ ಎಡ್ವರ್ಡ್ ಕೀಫ್ ಬರೆದರು. ಜಪಾನಿನಲ್ಲಿ ಬೇರೂರಿದ್ದು ಮೂರನೇ ಗುರುತು, ‘ಕಿಸೋ ತಾಯ್‌ಓನ್’, ಬೆಳಗ್ಗೆ ಎದ್ದ ಕೂಡಲೇ ಹಾಸಿಗೆಯಲ್ಲೇ ನೋಡೋ ಮೈಶಾಖ. ಅಂಡ ಬಂದ ಮೇಲೆ ಅದು 0.3ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರಿ, ಮುಟ್ಟಿನವರೆಗೂ ಅಲ್ಲೇ ನಿಲ್ಲುತ್ತೆ. ಅದಕ್ಕೇ ಇಲ್ಲಿನ ಔಷಧಿ ಅಂಗಡಿಗಳಲ್ಲಿ ದಶಾಂಶದ ನಂತರ ಎರಡು ಅಂಕಿ ತೋರಿಸೋ ಹೆಂಗಸರ ಥರ್ಮಾಮೀಟರ್ ಬೇರೆಯಾಗಿ ಸಿಗುತ್ತೆ. ಮುಟ್ಟು ಏರುಪೇರು ಅಂತ ಕ್ಲಿನಿಕ್ಕಿಗೆ ಹೋದರೆ ಈ ಚಾರ್ಟ್ ಇದೆಯಾ ಅಂತ ಕೇಳಬಹುದು. ಗಾಬರಿ ಬೇಡ.

ಪ್ರತಿ ಗುರುತಿಗೂ ಒಂದೊಂದು ಕೊರತೆ ಇದೆ. ಶಾಖ ಏರೋದು ಅಂಡ ಬಂದ ಮೇಲೆ, ಅಷ್ಟೊತ್ತಿಗೆ ಬಸ್ಸು ಹೋಗಿರುತ್ತೆ. ಜ್ವರ, ರಾತ್ರಿ ಪಾಳಿ, ಹಿಂದಿನ ರಾತ್ರಿಯ ಪಾರ್ಟಿ ಎಲ್ಲ ಅದನ್ನು ಕೆಡಿಸುತ್ತವೆ. ಸೋಂಕಿದ್ದರೆ ಲೋಳೆ ನೋಡಿ ಏನೂ ಹೇಳೋಕಾಗಲ್ಲ. ಗರ್ಭಕಂಠವನ್ನು ಒಂದು ದಿನ ಮುಟ್ಟಿ ನೋಡಿದರೆ ಅರ್ಥವಾಗೋದು ಸೊನ್ನೆ. ಕೈ ತೊಳೆದು, ದಿನಾ ಒಂದೇ ಹೊತ್ತಿಗೆ, ಎರಡು ಮೂರು ತಿಂಗಳು ನೋಡಿ ಬರೆದಿಟ್ಟರೆ ಮಾತ್ರ ತನ್ನದು ಯಾವಾಗ ಗಟ್ಟಿ, ಯಾವಾಗ ಮೆತ್ತಗೆ ಅಂತ ತಿಳಿಯುತ್ತೆ. ಹೆರಿಗೆಯಾದವರಲ್ಲಿ ಬಾಯಿ ಪೂರ್ತಿ ಮುಚ್ಚೋದೂ ಇಲ್ಲ. ಮೂರನ್ನೂ ಸೇರಿಸಿ ನೋಡೋದನ್ನು ತಿಳಿದವರಿಂದ ಕಲಿತರೆ ಫಲ ಚೆನ್ನಾಗಿದೆ. ಆದರೆ ಮಾಮೂಲಿ ಬಳಕೆಯಲ್ಲಿ ಈ ಬಗೆಯ ಪದ್ಧತಿಗಳಿಂದ ವರ್ಷಕ್ಕೆ 100 ಹೆಂಗಸರಲ್ಲಿ 2ರಿಂದ 23 ಜನ ಬಸಿರಾಗುತ್ತಾರೆ ಅಂತ ಅಮೆರಿಕದ ಸರ್ಕಾರಿ ಅಂಕಿ ಇದೆ. ಮಗು ಬೇಕು ಅನ್ನೋರಿಗೆ ಈ ಗುರುತುಗಳು ದೊಡ್ಡ ಸಹಾಯ. ಬೇಡ ಅನ್ನೋ ವಿದ್ಯಾರ್ಥಿನಿ ಇವಿಷ್ಟನ್ನೇ ನಂಬಿ ಕೂರೋದು ಬೇಡ ಅಂತ ನಮ್ಮ ಅಭಿಪ್ರಾಯ. ಓಗಿನೋ ಅವರದೂ ಅದೇ ಆಗಿತ್ತು.

ಈಗ ರಾಮನಗರಕ್ಕೆ ಬರೋಣ. ಓಗಿನೋ ಲೇಖನ ಜರ್ಮನಿಯಲ್ಲಿ ಬಂದ ಅದೇ 1930ರಲ್ಲಿ ನಮ್ಮ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯೋಕೆ ಆದೇಶ ಹೊರಡಿಸಿತ್ತು. ಒಂದು ಸರ್ಕಾರವೇ ಮುಂದೆ ನಿಂತು ಹೀಗೆ ಮಾಡಿದ್ದು ಪ್ರಪಂಚದಲ್ಲೇ ಮೊದಲು ಅಂತ ಎಣಿಕೆ. ಸ್ವಾತಂತ್ರ್ಯ ಬಂದ ಮೇಲೆ ಕೇಂದ್ರದ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯ ಶಿಷ್ಯೆ. ಸಾಧನಗಳು ಅವರಿಗೆ ಒಗ್ಗಲಿಲ್ಲ, ಸಂಯಮ ಒಗ್ಗಿತು. ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆಯಿಂದ ನ್ಯೂಯಾರ್ಕಿನ ಡಾಕ್ಟರ್ ಅಬ್ರಹಾಂ ಸ್ಟೋನ್ ಬಂದರು. 1952ರಿಂದ ದೆಹಲಿಯ ಲೋಧಿ ಕಾಲೋನಿಯಲ್ಲೂ ಮೈಸೂರು ರಾಜ್ಯದ ರಾಮನಗರದಲ್ಲೂ ಈ ದಿನ ಎಣಿಸೋ ಪದ್ಧತಿಯ ಪ್ರಯೋಗ ನಡೆಯಿತು. ಹೌದು, ರೇಷ್ಮೆಯ ಊರು, ಆಮೇಲೆ ‘ಶೋಲೆ’ ಬಂಡೆಗಳಿಂದ ಹೆಸರಾದ ಅದೇ ರಾಮನಗರ.

ಓದು ಬರಹ ಬಾರದ ಹೆಂಗಸರಿಗೆ ಕ್ಯಾಲೆಂಡರ್ ಬದಲು ಮಣಿಸರ. ಕೂಡಬಹುದಾದ ದಿನಗಳಿಗೆ ಹಸಿರು ಮಣಿ, ಕೂಡದ ದಿನಗಳಿಗೆ ಕೆಂಪು. ದಿನಕ್ಕೊಂದು ಮಣಿ ಸರಿಸಬೇಕು. ಆಮೇಲಿನ ಕಥೆಗಳನ್ನು ಕುಟುಂಬ ಯೋಜನೆಯ ಇತಿಹಾಸ ಬರೆದವರೆಲ್ಲ ಹೇಳುತ್ತಾರೆ. ಕತ್ತಲಲ್ಲಿ ಬಣ್ಣ ಕಾಣಲಿಲ್ಲ. ಕೆಲವರು ಸರವನ್ನು ತಾಯಿತ ಅಂದುಕೊಂಡರು. ಇನ್ನು ಕೆಲವರು ಕೆಂಪು ಮಣಿಗಳನ್ನೆಲ್ಲ ಒಟ್ಟಿಗೆ ಆಚೆ ಸರಿಸಿಬಿಟ್ಟರು. ಇವನ್ನು ಹಳ್ಳಿ ಹೆಂಗಸರ ದಡ್ಡತನದ ಜೋಕಿನ ಹಾಗೆ ಹೇಳೋದು ನಮಗೆ ಹಿಡಿಸೋದಿಲ್ಲ. ಮಣಿ ಕೊಟ್ಟದ್ದು ಹೆಂಡತಿಯ ಕೈಗೆ. ಗಂಡನಿಗೆ ಇವತ್ತು ಬೇಡ ಅನ್ನೋ ಅಧಿಕಾರವನ್ನು ಅವಳಿಗೆ ಯಾರೂ ಕೊಟ್ಟಿರಲಿಲ್ಲ. ಜೊತೆಗೆ ಆ ಸರದಲ್ಲಿ ಓಗಿನೋ ತೋರಿಸಿದ ದೊಡ್ಡ ತೊಡಕು ಹಾಗೇ ಇತ್ತು. ಕೂಸಿಗೆ ಹಾಲುಣಿಸುತ್ತಾ, ಉಪವಾಸ ದುಡಿಮೆಗಳ ನಡುವೆ ಬದುಕುವವಳ ತಿಂಗಳು ಮಣಿಗಳ ಲೆಕ್ಕಕ್ಕೆ ಹೊಂದೋದು ಕಷ್ಟ. ಕೊನೆಯವರೆಗೆ ಪದ್ಧತಿ ಹಿಡಿದುಕೊಂಡು ಹೋದ ದಂಪತಿಗಳು ಕಡಿಮೆ. ಸರ್ಕಾರವೂ ಆಮೇಲೆ ಬೇರೆ ದಾರಿಗಳಿಗೆ ಹೊರಳಿತು.

ಇಷ್ಟೆಲ್ಲ ನಡೆಯುವಾಗ ಓಗಿನೋ ಎಲ್ಲಿದ್ದರು? ಅದೇ ನೀಗಾತಾದ ಅದೇ ತಾಕೆಯಾಮಾ ಆಸ್ಪತ್ರೆಯಲ್ಲಿ. ದೊಡ್ಡ ಹುದ್ದೆ ಹುಡುಕಿಕೊಂಡು ಊರು ಬಿಡಲಿಲ್ಲ. ಸರ್ಜನ್ನರಾಗಿ ಅವರಿಗೆ ಹತ್ತಿರವಾಗಿದ್ದು ಗರ್ಭಕಂಠದ ಕ್ಯಾನ್ಸರ್. ಕ್ಯೋತೋದ ಒಕಾಬಯಾಶಿ 1921ರಲ್ಲಿ ಪ್ರಕಟಿಸಿದ ದೊಡ್ಡ ಆಪರೇಷನ್ನನ್ನು ತಮ್ಮ ಕೈಗೆ ತಕ್ಕ ಹಾಗೆ ತಿದ್ದಿ ಬೆಳೆಸಿದರು. ಜಪಾನಿನ ಸರ್ಜನ್ನರು ಅದನ್ನೂ ಓಗಿನೋ ಹೆಸರಿಂದಲೇ ಕರೆಯುತ್ತಾರೆ. ಈ ಹೆಸರಿನ ಬಗ್ಗೆ ಅವರಿಗೆ ತಕರಾರು ಇದ್ದ ಹಾಗೆ ಕಾಣೆವು. ಅಂದಹಾಗೆ, ಇಲ್ಲಿ 20 ದಾಟಿದ ಹೆಂಗಸರಿಗೆ ಎರಡು ವರ್ಷಕ್ಕೊಮ್ಮೆ ಗರ್ಭಕಂಠದ ತಪಾಸಣೆ ನಗರಸಭೆಯ ಮೂಲಕ ಕಡಿಮೆ ಖರ್ಚಿನಲ್ಲಿ ಆಗುತ್ತೆ. ಜಪಾನಿನಲ್ಲಿ ವಿಳಾಸ ನೋಂದಾಯಿಸಿದ ವಿದ್ಯಾರ್ಥಿನಿಯರು ವಾರ್ಡ್ ಆಫೀಸಿನಲ್ಲಿ ಕೇಳಿ ನೋಡಿ. ಜಪಾನಿಯಲ್ಲಿ ಬಂದ ಲಕೋಟೆ ಅಂತ ಕಸಕ್ಕೆ ಹಾಕಬೇಡಿ.

ನೀಗಾತಾ ನಗರ 1951ರಲ್ಲಿ ಅವರನ್ನು ಗೌರವ ಪೌರರನ್ನಾಗಿ ಮಾಡಿತು. 1975ರ ಜನವರಿ 1ರಂದು, ಜಪಾನಿನ ಹೊಸ ವರ್ಷದ ಹಬ್ಬದ ದಿನ, ತೊಂಬತ್ತೆರಡನೇ ವಯಸ್ಸಿನಲ್ಲಿ ಓಗಿನೋ ತೀರಿಕೊಂಡರು. ಅವರ ಮನೆಯಿದ್ದ ಜಾಗ ಈಗ ಒಂದು ಸಣ್ಣ ಪಾರ್ಕು, ಅಲ್ಲಿನ ರಸ್ತೆಗೆ ಓಗಿನೋ-ದೋರಿ ಅಂತ ಹೆಸರು.